ಸಹಿಗೆ ಮುನ್ನ

ಅರಸೀಕೆರೆಯಲ್ಲಿ ತೆಂಗಿನಕಾಯಿ ಕೀಳುವ ಸೋದರನೊಬ್ಬ ಬೆನ್ನುಮೂಳೆಯ ಡಿಸ್ಕ್ ಜಾರಿ ಬೆಂಗಳೂರಿನ ಆಸ್ಪತ್ರೆ ಸೇರಿದ್ದ. ಶಸ್ತ್ರಚಿಕಿತ್ಸೆಯೋ, ಔಷಧ ವ್ಯಾಯಾಮವೋ ಎಂದು ಚೀಟಿ ಎತ್ತಿದಂತೆ ನಿರ್ಧರಿಸುವ ಸಂಶೋಧನೆಯ ಒಪ್ಪಿಗೆಪತ್ರ ಅವನ ಕೈಯಲ್ಲಿತ್ತು.

“ನನ್ನ ಬೆನ್ನಿನ ಮೇಲೆ ಪ್ರಯೋಗವೇ, ಸ್ವಾಮಿ?”

“ವೈದ್ಯರು ಬಲ್ಲರು, ಸಹಿ ಮಾಡು” ಎಂದುಬಿಟ್ಟೆ, ಓದದೆಯೇ. ಆ ಅವಸರಕ್ಕೆ ಇಂದಿಗೂ ನಾಚುತ್ತೇನೆ.

ರಾತ್ರಿ ಅದರ ಪ್ರತಿಯನ್ನು ಓದಿದೆ. ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ಚಿಕಿತ್ಸೆ ನಿಲ್ಲದು. 2006ರಲ್ಲಿ ಪ್ರಕಟವಾದ ಅಮೆರಿಕದ ‘ಸ್ಪೋರ್ಟ್’ ಎಂಬ ಇಂಥದೇ ಅಧ್ಯಯನದಲ್ಲಿ ಅನೇಕರು ತಮಗೆ ಬಂದುದನ್ನು ಬಿಟ್ಟು ಇನ್ನೊಂದು ಚಿಕಿತ್ಸೆಯನ್ನೇ ಪಡೆದರು. ಫಲಿತಾಂಶವೇನೋ ಗೋಜಲಾಯಿತು, ರೋಗಿಯ ಇಚ್ಛೆ ಉಳಿಯಿತು.

ಮರುದಿನ ಪತ್ರವನ್ನು ಅವನಿಗೆ ಪೂರ್ತಿ ಓದಿ ಹೇಳಿದೆ. ಎರಡು ಪ್ರಶ್ನೆ ಕೇಳಿದ, ನನ್ನಲ್ಲಿ ಉತ್ತರವಿರಲಿಲ್ಲ. ಸಹಿ ಹಾಕದೆ, ಗೋಡೆ ಹಿಡಿದುಕೊಂಡು, ವೈದ್ಯರ ಕೋಣೆಯತ್ತ ಹೆಜ್ಜೆಯಿಟ್ಟ. ನಾನೂ ಹಿಂದೆಯೇ ಹೋದೆ.