ಸಾಗರದ ಕೆತ್ತನೆಮನೆಯಲ್ಲಿ

ಕೆಳದಿಯ ರಾಮೇಶ್ವರನ ದರ್ಶನ ಪಡೆದು, ಗುಡಿಗಾರರ ಗಂಧದ ಕೆತ್ತನೆಗೆ ಹೆಸರಾದ ಸಾಗರಕ್ಕೆ ಬಂದೆವು. ಅಲ್ಲಿನ ಕಾರ್ಯಾಗಾರವೊಂದರಲ್ಲಿ ಗಣಕಯಂತ್ರದ ಆಜ್ಞೆಯಂತೆ ತೇಗದ ಬಾಗಿಲನ್ನು ಕೆತ್ತುತ್ತಿದ್ದ ಯಂತ್ರವು ನಡುವೆಯೇ ನಿಂತುಬಿಟ್ಟಿತು. ಬಾಗಿಲು ಮಾಡಿಸಿದವರ ಗೃಹಪ್ರವೇಶಕ್ಕೆ 2 ದಿನಗಳಷ್ಟೇ ಉಳಿದಿದ್ದವು. ಯಂತ್ರ ನಡೆಸುತ್ತಿದ್ದ ತರುಣನು ಗಣಕವನ್ನೇ ಶಂಕಿಸಿದನು. ಹಿರಿಯ ಕುಶಲಕರ್ಮಿಗಳು ಮಾತ್ರ ವಿದ್ಯುತ್ತನ್ನು ನಿಲ್ಲಿಸಿ, ಹಳಿಯ ಕೊನೆಯಲ್ಲಿದ್ದ ಪುಟ್ಟ ಸ್ವಿಚ್ಚನ್ನು ಕುಂಚದಿಂದ ಶುಚಿಗೊಳಿಸಿದರು. ಮರದ ಹುಡಿ ತುಂಬಿ ಅದು ಒತ್ತಿಕೊಂಡಿತ್ತು. ಅಂಚು ತಲುಪಿದೆನೆಂದು ಭ್ರಮಿಸಿ ಯಂತ್ರವು ತಾನಾಗಿ ನಿಂತಿತ್ತು.

"ಅವಸರ ಬೇಡವೋ ತಮ್ಮ, ಮೊದಲು ಆರಂಭದ ಬಿಂದುವನ್ನು ಹೊಂದಿಸು. ಕೂದಲೆಳೆಯಷ್ಟು ತಪ್ಪಿದರೂ ಹಲಗೆ ಹಾಳು" ಎಂದರು. ಹಾಗೆಯೇ ಮಾಡಲಾಗಿ ಕೆತ್ತನೆ ಮುಂದುವರಿಯಿತು. ಉಳಿ ಹಿಡಿದು ಕಲಿತ ತಾಳ್ಮೆಯು ಯಂತ್ರದ ಬಳಿಯೂ ಬೇಕೆಂಬುದನ್ನು ಕಂಡು ಅಲ್ಲಿಂದ ಬೀಳ್ಕೊಂಡೆವು.