ಬಾಣಂತಿಯ ಓಟ

ಓಡುವ ಹೆಂಗಸನ್ನು ಕಂಡರೆ ನಮ್ಮ ಜನ ಮೊದಲು ಅವಳ ಬೆನ್ನ ಹಿಂದೆ ನೋಡುತ್ತಾರೆ, ಯಾರಾದರೂ ಅಟ್ಟಿಸಿಕೊಂಡು ಬರುತ್ತಿದ್ದಾರೇನೋ ಎಂದು. ಬಸುರಿ ಓಡಿದರಂತೂ ಕೇಳುವುದೇ ಬೇಡ. ಡಾಕ್ಟರ ಒಪ್ಪಿಗೆ ಪಡೆದು ಐದು ತಿಂಗಳವರೆಗೂ ಲಾಲ್‌ಬಾಗಿನಲ್ಲಿ ಮೆಲ್ಲಗೆ ಓಡಿದೆ. ಬಸುರಿನಲ್ಲಿ ಮೈಯ ರಕ್ತ ಹೆಚ್ಚುಕಡಿಮೆ ಅರ್ಧದಷ್ಟು ಹೆಚ್ಚುತ್ತದೆ; ಕೂತಲ್ಲೇ ಎದೆ ಓಟಗಾತಿಯದರಂತೆ ಬಡಿದುಕೊಳ್ಳುತ್ತಿತ್ತು. ಆಮೇಲೆ ಕೆಂಪೇಗೌಡರ ಗೋಪುರದ ಬಂಡೆ ಏರುವುದೂ ಸಾಹಸವಾಯಿತು.

ಏಳನೆಯ ತಿಂಗಳಲ್ಲಿ ಕುಬುಸ ಮುಗಿಸಿ ರೈಲು ಹತ್ತಿ ಧಾರವಾಡದ ತವರಿಗೆ ಹೋದೆ. ಹೆಣ್ಣು ಕೂಸು ಹುಟ್ಟಿತು. ಅಲ್ಲಿಂದ ಶುರುವಾಯಿತು ನೋಡಿ ಅವ್ವನ ರಾಜ್ಯಭಾರ! ಬಾಯಿಗೆ ಅಂಟಿನುಂಡೆ, ಕಿವಿಗೆ ಹತ್ತಿ, ಕಾಲಿಗೆ ಹೊಸ್ತಿಲೇ ಗಡಿ. ಪೌಲಾ ರ‍್ಯಾಡ್‌ಕ್ಲಿಫ್ 2007ರ ಜನವರಿಯಲ್ಲಿ ಹೆತ್ತು, ಅದೇ ನವೆಂಬರಿನಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದಳೆಂದು ಹೇಳಿದೆ.

“ಆಕೀಗೆ ಅವ್ವ ಇದ್ದಿದ್ದಿಲ್ಲೇನು?” ಎಂದಳು.

ಡಾಕ್ಟರೂ ಅವ್ವನ ಪಕ್ಷವೇ. ಹೆರಿಗೆಯಲ್ಲಿ ಸಡಿಲಾದ ಕಿಬ್ಬೊಟ್ಟೆಯ ತಳದ ಸ್ನಾಯುಗಳು ಬಿಗಿಯಾಗಬೇಕು. ಮೂರು ತಿಂಗಳು ಓಟ ಕೂಡದು.

ರಾತ್ರಿ ಕೂಸಿಗೆ ಹಾಲೂಡಿಸುತ್ತ ನನ್ನ ಕಾಲುಗಳನ್ನು ಯಾರದೋ ಕಾಲುಗಳಂತೆ ನೋಡುತ್ತಿದ್ದೆ. ಇವು ಮತ್ತೆ ಓಡಿಯಾವೇ? ಬಾಯಿಬಿಟ್ಟು ಕೇಳಲು ಸಂಕೋಚ. ಮಡಿಲು ತುಂಬಿದವಳಿಗೆ ಇನ್ನೂ ಒಂದು ಆಸೆಯೇ, ಅಂದಾರು.

ನಾಲ್ಕನೆಯ ತಿಂಗಳ ಒಂದು ನಸುಕಿನಲ್ಲಿ ನೋಡಿದರೆ ನನ್ನ ಬೂಟುಗಳು ಧೂಳು ಒರೆಸಿಕೊಂಡು ಬಾಗಿಲಲ್ಲಿ ಕೂತಿವೆ. “ಕೂಸು ಮಲಗೇದ. ಅರ್ಧ ತಾಸಿನ್ಯಾಗ ಬಾ,” ಎಂದಳು ಅವ್ವ, ನನ್ನ ಮುಖ ನೋಡದೆ.

ವಿಶ್ವವಿದ್ಯಾಲಯದ ಏರನ್ನು ಅರ್ಧ ಹತ್ತುವಷ್ಟರಲ್ಲಿ ಎದೆ ಬಿಗಿದು ಹಾಲು ಸೋರಿ ಅಂಗಿ ತೊಯ್ದಿತು. ಹಿಂದಿರುಗಿದೆ. ಆ ವರ್ಷ ನಾನು ಜೋರಾಗಿ ಓಡಿದ್ದು ಆ ಇಳಿಜಾರೊಂದನ್ನೇ.