ಗಾಡಿ ಬಡಿಸಿದ ಹುಡುಗ

ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ಸೀಸನ್ ಬಂದರೆ ಡ್ರೈವರುಗಳಿಗೆ ಎಲ್ಲಿಲ್ಲದ ಬೇಡಿಕೆ. ಆದರೂ ಹೊಸದಾಗಿ ಸ್ಟೇರಿಂಗ್ ಹಿಡಿದು ಆಕ್ಸಿಡೆಂಟ್ ಮಾಡಿಕೊಂಡವನಿಗೆ ಗಾಡಿ ಕೊಡುವವರು ಕಡಿಮೆ. ಹಾವೇರಿಯಲ್ಲಾಗಲಿ ರಾಣೇಬೆನ್ನೂರಲ್ಲಾಗಲಿ, ಲೈಸೆನ್ಸ್ ನೋಡುವ ಮೊದಲೇ ಹಳೇ ಮಾಲಕರಿಗೆ ಫೋನ್ ಹೋಗುತ್ತದೆ. ‘ಗಾಡಿ ಬಡಿಸ್ಯಾನ್ರೀ’ ಅಂದರೆ ಅಲ್ಲಿಗೆ ಮುಗೀತು.

ಮಾಲಕರ ಅಂಜಿಕೆ ಸುಳ್ಳಲ್ಲ. ಸಾಲದ ಕಂತು, ಸ್ಟೇಷನ್ನಿನಲ್ಲಿ ನಿಂತ ಲಾರಿ, ಕೋರ್ಟಿನ ತಾರೀಖು. 2024ರ ಜೂನ್‌ನಲ್ಲಿ ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಬಳಿ ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಬಡಿದು 13 ಜನ ಸತ್ತದ್ದನ್ನು ಇಲ್ಲಿನ ಹೈವೇ ಮರೆತಿಲ್ಲ. ಅದೇ ವರ್ಷದ ಜುಲೈನಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ನಿರ್ಲಕ್ಷ್ಯದಿಂದಾದ ಸಾವಿಗೆ ಗರಿಷ್ಠ ಶಿಕ್ಷೆ 2 ವರ್ಷದಿಂದ 5 ವರ್ಷಕ್ಕೆ ಏರಿದೆ.

ಹಾಗಂತ ದಾರಿ ಪೂರ್ತಿ ಮುಚ್ಚಿಲ್ಲ. ಹಿರಿಯ ಡ್ರೈವರ್ ಜೊತೆ ಕೆಲ ದಿನ ಕ್ಲೀನರ್ ಆಗಿ ಹೋಗಬಹುದು. ಮಾರ್ಕೆಟ್ಟಿನಿಂದ ಕೋಲ್ಡ್ ಸ್ಟೋರೇಜಿಗೆ ಚೀಲ ಸಾಗಿಸುವ ಸಣ್ಣ ಗಾಡಿ ಹಿಡಿಯಬಹುದು. 7,500 ಕೆ.ಜಿ. ಒಳಗಿನ ಸರಕು ವಾಹನಕ್ಕೆ ಲಘು ಮೋಟಾರು ವಾಹನದ (ಎಲ್‌ಎಂವಿ) ಲೈಸೆನ್ಸೇ ಸಾಕೆಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ. ಕೇಸಿದ್ದರೆ ಮಾಲಕರಿಗೆ ಮೊದಲೇ ಹೇಳುವುದು ಒಳ್ಳೆಯದು. ಇಲ್ಲಿ ಸುದ್ದಿ ಲಾರಿಗಿಂತ ಮುಂಚೆ ಊರು ಮುಟ್ಟುತ್ತದೆ.

ಮಾಲಕರೂ ಒಂದು ಪ್ರಶ್ನೆ ಜಾಸ್ತಿ ಕೇಳಲಿ: ಆಕ್ಸಿಡೆಂಟ್ ಆದಮೇಲೆ ಈ ಹುಡುಗ ಓಡಿಹೋದನೋ, ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದನೋ? ಮೋಟಾರು ವಾಹನ ಕಾಯ್ದೆಯ 134ನೇ ಕಲಮು ಡ್ರೈವರಿಗೆ ಹೇಳುವುದು ಗಾಯಾಳುವಿಗೆ ಚಿಕಿತ್ಸೆ ಕೊಡಿಸು ಎಂದೇ. ನಿಂತು ನೆರವಾದವನನ್ನೂ ಓಡಿಹೋದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ, ನಾಳೆ ನಿಲ್ಲುವವರು ಯಾರು?